ನಲವತ್ತೊಂದು ಗುಂಡಿಗಳ ಕೋಣೆ

ನಮ್ಮೂರಿನ ಬಸ್ ಸ್ಟ್ಯಾಂಡಿನ ಹಿಂದೆ, ನೀರು ಸರಬರಾಜು ಕಚೇರಿಯ ಮಹಡಿಯ ಮೇಲೆ ಒಂದು ಕೋಣೆಯಿದೆ. ಅದರ ಗೋಡೆಯ ತುಂಬ ನಲವತ್ತೊಂದು ಗುಂಡಿಗಳು, ಹಳೆಯ ರೇಡಿಯೋದ ಗುಂಡಿಗಳ ಹಾಗೆ ತಿರುಗಿಸುವಂಥವು. ಒಂದೊಂದರ ಕೆಳಗೂ ಬಿಳಿ ಬಣ್ಣದಲ್ಲಿ ಹೆಸರು ಬರೆದಿದೆ: ನೆರಳು, ದೂರ, ಎಲೆ, ನೀರಿನ ಹೊಳಪು, ಕೂದಲು, ಧೂಳು, ಸೀರೆಯಂಚು, ಹೀಗೆ. ನಡುವೆ ಒಂದು ಗಾಜಿನ ಬಿಲ್ಲೆ, ಅದರೊಳಗೆ ಒಂದು ಮುಳ್ಳು. ಮುಳ್ಳು ಅರವತ್ತರಲ್ಲಿದ್ದರೆ ಊರು ನುಣ್ಣಗೆ ಸಾಗುತ್ತದೆ. ಮೂವತ್ತರ ಕೆಳಗಿಳಿದರೆ ಊರು ತೊದಲುತ್ತದೆ. ಹದಿನೇಳು ವರ್ಷದಿಂದ ಆ ಮುಳ್ಳನ್ನು ಕಾಯುವ ಕೆಲಸ ನನ್ನದು. ಹೆಸರು ಪ್ರಮೀಳ. ಊರವರ ಬಾಯಲ್ಲಿ ಗುಂಡಿ ಪ್ರಮೀಳಕ್ಕ. ನಾನಿಲ್ಲದಾಗ ಏನೆಂದು ಕರೆಯುತ್ತಾರೋ ಅದೂ ಗೊತ್ತು, ಇಲ್ಲಿ ಬರೆಯುವುದಿಲ್ಲ.

ತೊದಲುವುದೆಂದರೆ ಕಣ್ಣೆದುರಿನ ನೋಟವೆಲ್ಲ ಗಕ್ಕನೆ ನಿಂತುಬಿಡುವುದು. ಮೈ ನಿಲ್ಲುವುದಿಲ್ಲ, ಶಬ್ದ ನಿಲ್ಲುವುದಿಲ್ಲ, ನೋಟ ಮಾತ್ರ ನಿಲ್ಲುತ್ತದೆ. ಎರಡು ಮೂರು ಸೆಕೆಂಡು ಕಳೆದ ಮೇಲೆ ಅದು ಒಮ್ಮೆಲೇ ಹಾರಿ ನಾವಿರುವ ಜಾಗಕ್ಕೆ ಬಂದು ಸೇರಿಕೊಳ್ಳುತ್ತದೆ. ಅಷ್ಟರಲ್ಲಿ ಲೋಟಕ್ಕೆ ಬಗ್ಗಿಸುತ್ತಿದ್ದ ಕಾಫಿ ಪಂಚೆಯ ಮೇಲಿರುತ್ತದೆ. ಅದಕ್ಕೇ ನಮ್ಮಲ್ಲೊಂದು ರೂಢಿ. ಊರು ತೊದಲಿದ ಕೂಡಲೇ ಎಲ್ಲಿದ್ದವರು ಅಲ್ಲೇ, ಹೇಗಿದ್ದವರು ಹಾಗೇ ನಿಲ್ಲಬೇಕು. ನಡೆಯುವುದನ್ನು ಕಲಿಯುವ ಮೊದಲೇ ನಮ್ಮ ಮಕ್ಕಳು ನಿಲ್ಲುವುದನ್ನು ಕಲಿಯುತ್ತವೆ. ಸಂತೆಯಲ್ಲಿ ಸೌತೆಕಾಯಿ ಎತ್ತಿದ ಕೈ ಎತ್ತಿದಂತೆ, ಜಗಳದಲ್ಲಿ ತೆರೆದ ಬಾಯಿ ತೆರೆದಂತೆ ಇದ್ದುಬಿಡುತ್ತದೆ. ಹೊಸಬರು ಮಾತ್ರ ನಡೆಯುತ್ತಲೇ ಇದ್ದು ಯಾರಿಗಾದರೂ ಹೋಗಿ ಗುದ್ದುತ್ತಾರೆ. "ಪರವೂರಿನೋರು, ಬಿಡಿ" ಅಂತ ನಾವು ಸುಮ್ಮನಾಗುತ್ತೇವೆ.

ನನ್ನ ಬಾಗಿಲಿನ ಪಕ್ಕ ಒಂದು ಡಬ್ಬ ತೂಗುಹಾಕಿದೆ. ಜನ ಅದರಲ್ಲಿ ಚೀಟಿ ಹಾಕುತ್ತಾರೆ. "ಗುರುವಾರ ಮಗಳನ್ನ ನೋಡೋಕೆ ಬರ್ತಾರೆ, ನಮ್ಮ ಬೀದಿಯ ದಾಸವಾಳಕ್ಕೆ ಸ್ವಲ್ಪ ಬಣ್ಣ ಏರಿಸಿ." "ಕೊಡೆ ವ್ಯಾಪಾರ ಬಿದ್ದೋಗಿದೆ, ದಯವಿಟ್ಟು ನೆರಳು ಕಮ್ಮಿ ಇಡಿ." "ನಮ್ಮೆಜಮಾನ್ರ ಕೂದಲಿಗೆ ಏನಾದ್ರೂ ಮಾಡಕ್ಕಾಗುತ್ತಾ?" ಒಂದನ್ನು ಏರಿಸಬೇಕಾದರೆ ಇನ್ನೊಂದನ್ನು ಇಳಿಸಬೇಕು. ದಾಸವಾಳಕ್ಕೆ ಬಣ್ಣ ಕೊಟ್ಟ ದಿನ ಎದುರಿನ ಗುಡ್ಡ ಮಸುಕಾಗುತ್ತದೆ. ಯಾರಿಗೂ ಪೂರ್ತಿ ಸಮಾಧಾನವಿಲ್ಲ, ಹಾಗಂತ ಯಾರೂ ಊರು ಬಿಟ್ಟು ಹೋಗಿಲ್ಲ.

ಈಗ ದಾಕ್ಷಿಯ ವಿಷಯಕ್ಕೆ ಬರಬೇಕು. ದಾಕ್ಷಾಯಿಣಿ ಹಿಟ್ಟಿನ ಗಿರಣಿ ನಡೆಸುತ್ತಾಳೆ, ಊರಿನ ಹೆಂಗಸರ ಕಬಡ್ಡಿ ತಂಡದ ನಾಯಕಿ. ನಾನೂ ಅವಳೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾಲ್ಕು ವರ್ಷದ ಹಿಂದೆ ತಾಲ್ಲೂಕುಗಳ ಫೈನಲ್ ಪಂದ್ಯ ನಮ್ಮೂರ ಮೈದಾನದಲ್ಲೇ ನಡೆಯಿತು. ಕೊನೆಯ ರೈಡು ಅವಳದು. ಆ ಕಡೆಯ ಇಬ್ಬರನ್ನು ಮುಟ್ಟಿ ತಿರುಗಿದಳು, ಹಿಂದಿನಿಂದ ಒಬ್ಬಳು ಕಾಲು ಹಿಡಿದಳು, ದಾಕ್ಷಿ ನೆಲಕ್ಕೆ ಬಿದ್ದು ಮಧ್ಯದ ಗೆರೆಯ ಕಡೆ ಕೈ ಚಾಚಿದಳು. ಗೆರೆಗೂ ಬೆರಳಿಗೂ ಒಂದು ಗೇಣು ಉಳಿದಿತ್ತು. ಆಗ ಊರು ತೊದಲಿತು. ನಿಂತ ನೋಟದೊಳಗಿಂದ ಅವಳ "ಕಬಡ್ಡಿ ಕಬಡ್ಡಿ" ಕೇಳಿಸುತ್ತಿತ್ತು, ಆಮೇಲೆ ಅದೂ ನಿಂತಿತು. ನೋಟ ಹಾರಿ ಬಂದಾಗ ಅವಳು ಮೂರು ಮಾರು ಹಿಂದೆ, ನಾಲ್ವರ ಕೆಳಗಿದ್ದಳು. ಒಂದೇ ಪಾಯಿಂಟಿನಲ್ಲಿ ಸೋತರು.

ತಪ್ಪು ಗುಂಡಿ ಪ್ರಮೀಳನದೇ ಎಂದು ಊರು ತೀರ್ಮಾನ ಮಾಡಿತು. ನಾನು ವಾದ ಮಾಡಲಿಲ್ಲ, ಏಕೆಂದರೆ ನನಗೊಂದು ವಿಷಯ ಗೊತ್ತಿತ್ತು. ಆ ಕೊನೆಯ ರೈಡಿನ ಹೊತ್ತಿಗೆ ನಾನು 'ಬೆವರು' ಎಂಬ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ್ದೆ. ಗೆಲ್ಲುವಾಗ ನನ್ನ ಗೆಳತಿ ಹೊಳೆಯಲಿ ಎಂಬ ಆಸೆಗೆ. ಮುಳ್ಳು ಮೊದಲೇ ಅಂಚಿನಲ್ಲಿತ್ತು, ಅದರ ಮೇಲೆ ನಾನು ಬೆವರು ಸುರಿದೆ. ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಅಂದಿನಿಂದ ದಾಕ್ಷಿ ನನ್ನ ಜೊತೆ ಮಾತು ಬಿಟ್ಟಳು. ಬಿಟ್ಟಳು ಅಂದರೆ ಪೂರ್ತಿ ಬಿಟ್ಟಿದ್ದಲ್ಲ, ಪಕ್ಕದವರಿಗೆ ಹೇಳಿದ ಹಾಗೆ ನನಗೆ ಹೇಳುತ್ತಿದ್ದಳು. ಗಿರಣಿಗೆ ಗೋಧಿ ಹೊತ್ತುಕೊಂಡು ಹೋದರೆ ಸಾಲಿನಲ್ಲಿ ನಿಂತವರ ಕಡೆ ತಿರುಗಿ, "ನಾಳೆ ಸಾಯಂಕಾಲ ಬರಕ್ಕೆ ಹೇಳ್ರಪ್ಪ ಅವ್ರಿಗೆ" ಎನ್ನುವಳು. ಯಾರೂ ಇಲ್ಲದಿದ್ದರೆ ಗಿರಣಿಯ ಯಂತ್ರಕ್ಕೇ ಹೇಳುವಳು. ನಾನು ಸಿಡುಕಿನವಳು, ಒಂದೆರಡು ಸಲ ನಾನೂ ಯಂತ್ರಕ್ಕೇ ಉತ್ತರ ಕೊಟ್ಟು ಬಂದೆ. ಆದರೆ ಮನೆಗೆ ಬಂದು ಹಿಟ್ಟು ಕಲಸುವಾಗ ಅವಳ ಪಾಲಿಗೂ ಒಂದು ಹಿಡಿ ಜಾಸ್ತಿ ಹಾಕಿಬಿಡುತ್ತಿದ್ದೆ. ಬೆಂಚಿನ ಗೆಳತಿ ಒಬ್ಬಳೇ ಇರುತ್ತಾಳೆ.

ಈ ವರ್ಷ ಮತ್ತೆ ಫೈನಲ್ ನಮ್ಮೂರಿಗೆ ಬಂತು, ಎದುರಾಳಿಗಳೂ ಅವರೇ. ಮೂವತ್ತೈದು ತುಂಬಿದವರು ಕಣಕ್ಕೆ ಇಳಿಯುವಂತಿಲ್ಲ ಎಂಬುದು ನಿಯಮ, ದಾಕ್ಷಿಗೆ ಮುಂದಿನ ತಿಂಗಳು ಮೂವತ್ತೈದು ತುಂಬುತ್ತದೆ. ಅಂದರೆ ಇದೇ ಕೊನೆ. ಪಂದ್ಯಕ್ಕೆ ಹತ್ತು ದಿನ ಇರುವಾಗ ನಾನು ಗೋಧಿ ಇಲ್ಲದೆಯೇ ಗಿರಣಿಗೆ ಹೋದೆ. "ಭಾನುವಾರದ ಪಂದ್ಯದಲ್ಲಿ ಊರು ತೊದಲಲ್ಲ, ನಾನು ನೋಡ್ಕೋತೀನಿ" ಎಂದೆ. ದಾಕ್ಷಿ ಜರಡಿ ಜಾಡಿಸುತ್ತ ಯಂತ್ರಕ್ಕೆ ಹೇಳಿದಳು, "ನೋಡ್ಕೊಳ್ಳೋರು ಹೋದ್ಸಲಾನೂ ನೋಡ್ಕೊಂಡ್ರು." ಆ ಮಾತು ನೆಟ್ಟಗೆ ಎದೆಗೆ ಬಂದು ನಾಟಿತು. ಅಲ್ಲಿಂದ ನಾನು ಮನೆಗೆ ಹೋಗಲಿಲ್ಲ, ಇಮ್ತಿಯಾಜನ ಅಂಗಡಿಗೆ ಹೋದೆ.

ಇಮ್ತಿಯಾಜ್ ಸಂತೆಪೇಟೆಯಲ್ಲಿ ಕಂಪ್ಯೂಟರ್ ಗೇಮ್ ಸೆಂಟರ್ ಇಟ್ಟಿದ್ದಾನೆ. ಎಂಟು ಕಂಪ್ಯೂಟರುಗಳು. ಬೇರೆ ಊರುಗಳಲ್ಲಿ ಜನ ಗೆಲ್ಲಲು ಆಡುತ್ತಾರಂತೆ. ನಮ್ಮೂರಿನವರು ಅಲ್ಲಿಗೆ ಹೋಗುವುದು ಎಲ್ಲವೂ ನುಣ್ಣಗೆ ಸಾಗುವುದನ್ನು ನೋಡಲಿಕ್ಕೆ. ರಿಟೈರಾದ ಮೇಷ್ಟ್ರುಗಳು ಸಂಜೆ ಕಾರ್ ರೇಸಿನ ಆಟ ಹಚ್ಚಿಸಿಕೊಂಡು ಗಾಡಿಯನ್ನು ರಸ್ತೆ ಪಕ್ಕ ನಿಲ್ಲಿಸಿ, ಮರದ ಎಲೆ ಅಲುಗಾಡುವುದನ್ನು ನೋಡುತ್ತ ಕೂರುತ್ತಾರೆ. ಆ ಕಂಪ್ಯೂಟರುಗಳಿಗೂ ಆಗಾಗ ನಮ್ಮೂರಿನ ರೋಗ ಬರುತ್ತದೆ, ಅದನ್ನು ಇಮ್ತಿಯಾಜ್ ಅರ್ಧ ಗಂಟೆಯಲ್ಲಿ ವಾಸಿ ಮಾಡುತ್ತಾನೆ. ಅವನು ನನಗಿಂತ ಹದಿನೈದು ವರ್ಷ ಚಿಕ್ಕವನು ಎಂಬ ಒಂದೇ ಕಾರಣಕ್ಕೆ ಇಷ್ಟು ದಿನ ಅವನನ್ನು ನಾನು ಕೇಳಿರಲಿಲ್ಲ. ಜಂಭ ಅನ್ನಿ.

ಅವನು ಕೋಣೆಗೆ ಬಂದು ಗೋಡೆಯ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದ. "ಅಕ್ಕಾ, ಇದು ನಮ್ಮ ಗೇಮಿನ ಸೆಟ್ಟಿಂಗ್ಸೇ. ನೀವು ಹೆಂಗ್ ಸರಿ ಮಾಡ್ತೀರ?"

"ಮುಳ್ಳು ಇಳಿದ್ರೆ ಕೈಗೆ ಸಿಕ್ಕಿದ ಗುಂಡಿ ಇಳಿಸ್ತೀನಿ."

"ಹದಿನೇಳು ವರ್ಷದಿಂದ?"

"ಊರು ನಡೀತಿಲ್ವಾ?"

ಅವನು ನಗಲಿಲ್ಲ, ಒಳ್ಳೆಯ ಹುಡುಗ. "ಹಂಗಲ್ಲಕ್ಕ. ಮೊದಲು ಎಲ್ಲಾನೂ ತಳಕ್ಕೆ ಇಳಿಸ್ಬೇಕು. ಆಮೇಲೆ ಒಂದೊಂದೇ ಏರಿಸ್ತಾ ಬರ್ಬೇಕು. ಯಾವುದನ್ನ ಮುಟ್ಟಿದಾಗ ಮುಳ್ಳು ದಡಕ್ಕನೆ ಬೀಳುತ್ತೋ ಅದೇ ಕಳ್ಳ."

ಸೋಮವಾರ ಬೆಳಿಗ್ಗೆ ಮೈಕಿನಲ್ಲಿ ಸಾರಿಸಿ, ಗುಂಡಿಗಳನ್ನು ಒಂದೊಂದಾಗಿ ತಳಕ್ಕೆ ಇಳಿಸಿದೆವು. ಊರು ಅಂಗನವಾಡಿಯ ಗೋಡೆಯ ಚಿತ್ರದ ಹಾಗಾಯಿತು. ಮರಗಳೆಂದರೆ ಕೋಲಿನ ಮೇಲೊಂದು ಹಸಿರು ಉಂಡೆ. ಗುಡ್ಡ ಇಲ್ಲವೇ ಇಲ್ಲ. ಬೇಕರಿಯ ಬೋರ್ಡಿನಲ್ಲಿ ಅಕ್ಷರವಿಲ್ಲ, ನಾಯಿಗಳ ಮೈಮೇಲೆ ರೋಮವಿಲ್ಲ, ರೇಷ್ಮೆ ಸೀರೆ ಉಟ್ಟು ಬಂದವರೂ ಗೋಣಿಚೀಲ ಉಟ್ಟವರೂ ಒಂದೇ. ಹೋಟೆಲಿನಲ್ಲಿ ಒಬ್ಬರು ದೋಸೆ ತಟ್ಟೆ ಎತ್ತಿ ಹಿಡಿದು, "ತೂತೇ ಇಲ್ವಲ್ರೀ ಇದಕ್ಕೆ" ಎಂದರಂತೆ. "ತಿನ್ನಿ ಸ್ವಾಮಿ, ರುಚಿ ಇಳಿಸಿಲ್ಲ" ಅಂತ ಸಪ್ಲೈಯರ್ ಹೇಳಿದನಂತೆ. ಎರಡೇ ಗಂಟೆಯಲ್ಲಿ ಜನ ಅದಕ್ಕೂ ಒಗ್ಗಿದರು. ಸೀರೆಯ ಗುರುತು ಸಿಗದ ಹೆಂಗಸರು ದೂರದಿಂದಲೇ ಒಬ್ಬರನ್ನೊಬ್ಬರು ನಡಿಗೆಯಿಂದ ಗುರುತು ಹಿಡಿದು ಮಾತಾಡಿಸುತ್ತಿದ್ದರು.

ಅಷ್ಟೆಲ್ಲ ಇಳಿಸಿದ ಮೇಲೆ ಮುಳ್ಳು ನೂರು ದಾಟಬೇಕಿತ್ತು. ಅದು ಮೂವತ್ತೆಂಟರಲ್ಲಿ ಕೂತಿತ್ತು. ಇಮ್ತಿಯಾಜ್ ಗಾಜಿನ ಬಿಲ್ಲೆಯನ್ನು ಬೆರಳಿನಿಂದ ತಟ್ಟಿದ, ನಾನೂ ತಟ್ಟಿದೆ. ಅಲ್ಲಾಡಲಿಲ್ಲ. "ಅಕ್ಕಾ, ಈ ಗುಂಡಿಗಳಿಗೆ ಸಿಗದೇ ಇರೋದು ಏನೋ ಒಂದು ಊರಲ್ಲಿದೆ. ಅದು ಹಿಂದುಗಡೆ ಕೂತು ತಿಂತಾ ಇದೆ" ಎಂದ.

ಅದು ಎಲ್ಲಿದೆ ಎಂದು ಹುಡುಕುವ ದಾರಿ ಹೊಳೆದದ್ದು ನನಗೆ, ಇದನ್ನು ಮುಚ್ಚಿಡುವುದಿಲ್ಲ. ನಮ್ಮೂರಿನಲ್ಲಿ ನೋಡುವವರಿದ್ದರೆ ಮಾತ್ರ ನೋಟ. ನೋಡುವವರಿಲ್ಲದ ಹಿತ್ತಿಲಿಗೆ ಮುಳ್ಳು ಖರ್ಚೇ ಆಗುವುದಿಲ್ಲ. ಹಾಗಾದರೆ ಒಂದೊಂದು ಬೀದಿಯವರೂ ಐದು ನಿಮಿಷ ಕಣ್ಣು ಮುಚ್ಚಲಿ, ಮುಳ್ಳು ಎಷ್ಟು ಏರುತ್ತದೋ ನೋಡೋಣ. ಮರುದಿನ ಹತ್ತು ಗಂಟೆಗೆ ಶುರು ಮಾಡಿದೆವು. ಮೈಕಿನಲ್ಲಿ ನಾನು ಬೀದಿಯ ಹೆಸರು ಕೂಗುವುದು, ಆ ಬೀದಿಯವರು ಇದ್ದಲ್ಲೇ ಕೂತು ಕಣ್ಣು ಮುಚ್ಚುವುದು. ಕುಂಬಾರ ಬೀದಿ, ಮುಳ್ಳು ಎರಡು ಏರಿತು. ಕೋಟೆ ಬೀದಿ, ಮೂರು. ಪೋಸ್ಟಾಫೀಸ್ ಬೀದಿಯಲ್ಲಿ ಒಂದೂ ಏರಲಿಲ್ಲ, ಅವರು ಕಳ್ಳಗಣ್ಣು ಬಿಟ್ಟು ಪಕ್ಕದವರು ಮುಚ್ಚಿದ್ದಾರೋ ಇಲ್ಲವೋ ನೋಡುತ್ತಿದ್ದರಂತೆ. ಸಂತೆಪೇಟೆಯವರು ಕಣ್ಣು ಮುಚ್ಚಿದ ಕೂಡಲೇ ಮುಳ್ಳು ಎದ್ದು ತೊಂಬತ್ತಕ್ಕೆ ಹೋಯಿತು. ನಾನೂ ಇಮ್ತಿಯಾಜನೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು.

ಆಮೇಲೆ ಸಂತೆಪೇಟೆಯಲ್ಲಿ ಅಂಗಡಿ ಅಂಗಡಿಯಾಗಿ ಕಣ್ಣು ಮುಚ್ಚಿಸುತ್ತ ಬಂದು, ಪುಟ್ಟನರಸಯ್ಯನ ಸಲೂನಿನಲ್ಲಿ ನಿಂತೆವು. ಪುಟ್ಟನರಸಯ್ಯ ಅಂದರೆ ನಮ್ಮೂರಿನ ಅರ್ಧ ತಲೆಗಳ ಯಜಮಾನ. ಕುರ್ಚಿಯ ಮುಂದೆ ಗೋಡೆಯಷ್ಟಗಲದ ಕನ್ನಡಿ. ಕುರ್ಚಿಯ ಹಿಂದೆ, ಅಷ್ಟೇ ಅಗಲದ ಇನ್ನೊಂದು ಕನ್ನಡಿ. ನಾನು ನಡುವೆ ನಿಂತೆ. ಆ ಕನ್ನಡಿಯೊಳಗೆ ಈ ಕನ್ನಡಿ, ಅದರೊಳಗೆ ಮತ್ತೆ ಆ ಕನ್ನಡಿ, ಪ್ರತಿಯೊಂದರಲ್ಲೂ ಒಬ್ಬಳು ಪ್ರಮೀಳ, ಸಾಲುಗಟ್ಟಿ ಎಲ್ಲಿಯವರೆಗೆ ಹೋಗಿದ್ದಳೋ ಕೊನೆಯೇ ಇರಲಿಲ್ಲ. ಊರಿನ ಶಕ್ತಿಯೆಲ್ಲ ಇಲ್ಲಿ ಕೂತು ಪ್ರಮೀಳನ ಮೇಲೆ ಪ್ರಮೀಳನನ್ನು ಬರೆಯುತ್ತಿತ್ತು. ಇಮ್ತಿಯಾಜ್ ತಲೆ ಚಚ್ಚಿಕೊಂಡ. "ಗೇಮಲ್ಲೂ ಹಿಂಗೇನೇ ಅಕ್ಕ. ಹುಡುಕಿ ಹುಡುಕಿ ಸಾಕಾಗಿರತ್ತೆ, ಕೊನೇಲಿ ನೋಡಿದ್ರೆ ಕನ್ನಡೀನೇ."

"ಹಿಂದ್ಗಡೆ ಕನ್ನಡಿ ಯಾವಾಗ ಹಾಕಿದ್ದು?" ಎಂದು ಕೇಳಿದೆ.

"ನಾಲ್ಕು ವರ್ಷ ಆಯ್ತಲ್ಲಮ್ಮ" ಎಂದ ಪುಟ್ಟನರಸಯ್ಯ. "ಫೈನಲ್ಲಿಗೆ ಒಂದ್ ವಾರ ಇರೋವಾಗ. ಪರವೂರಿನೋರು ಬರ್ತಾರೆ, ನಮ್ಮೋರ ತಲೆ ಹಿಂದ್ಗಡೇನೂ ನೀಟಾಗಿರ್ಲಿ ಅಂತ."

ನಾನು ಅವನ ಕುರ್ಚಿಯಲ್ಲೇ ಕುಸಿದು ಕೂತು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ನಾಲ್ಕು ವರ್ಷದಿಂದ ನಾನು ಹೊತ್ತಿದ್ದ ಮೂಟೆಯಲ್ಲಿ ಮುಕ್ಕಾಲು ಭಾಗ ಈ ಕನ್ನಡಿಯದು. ಆದರೆ ಆವತ್ತು ಈ ಕನ್ನಡಿ ಐವತ್ತು ತಿಂದಿದ್ದರೂ ಕೊನೆಯ ಮೂರನ್ನು ತಿಂದಿದ್ದು ನನ್ನ ಬೆವರಿನ ಗುಂಡಿಯೇ. ಆ ಮೂರು ನನ್ನ ಹೆಸರಿನಲ್ಲೇ ಉಳಿಯಿತು.

ಪುಟ್ಟನರಸಯ್ಯ ಸುಲಭಕ್ಕೆ ಒಪ್ಪಲಿಲ್ಲ. "ನನ್ನ ಕನ್ನಡಿ ಏನಮ್ಮ ಪಾಪ ಮಾಡ್ತು? ಹಿಂದಲೆ ಕಾಣ್ದಿದ್ರೆ ಗಿರಾಕಿ ನನ್ನ ಹೆಂಗ್ ನಂಬ್ತಾನೆ?" ಎಂದು ವಾದ ಹೂಡಿದ. ಕೊನೆಗೆ ದಾಕ್ಷಿಯ ಹೆಸರು ಹೇಳಿದ ಮೇಲೆ ಮೆತ್ತಗಾದ. ಅವನ ಮನೆಯ ರಾಗಿ, ಜೋಳ ಎಲ್ಲ ಬೀಸುವುದು ಅವಳ ಗಿರಣಿಯಲ್ಲೇ. ಹಿಂದಿನ ಕನ್ನಡಿಯನ್ನು ಕಳಚಿ ಪಕ್ಕದ ಗೋಡೆಗೆ ಓರೆಯಾಗಿ ನೇತುಹಾಕಿದ. ಅಂದಿನಿಂದ ನಮ್ಮೂರಿನ ಗಂಡಸರು ಹಿಂದಲೆಯ ಮಟ್ಟಿಗೆ ಅವನ ಮೇಲೆ ಭರವಸೆ ಇಟ್ಟು ಬದುಕುತ್ತಿದ್ದಾರೆ.

ಬುಧವಾರದಿಂದ ಶನಿವಾರದವರೆಗೆ ನಮ್ಮೂರು ಕಂಡಷ್ಟು ಸುಖವನ್ನು ಯಾವ ಊರೂ ಕಂಡಿರಲಾರದು. ನಾನು ಒಂದೊಂದೇ ಗುಂಡಿಯನ್ನು ಏರಿಸುತ್ತ ಬಂದೆ, ಮುಳ್ಳು ಅರವತ್ತರ ಕೆಳಗೆ ಇಳಿಯಲಿಲ್ಲ. ಗುಡ್ಡ ಬಂತು, ಗುಡ್ಡದ ಮೇಲೆ ಮೇಯುವ ಕುರಿಗಳೂ ಬಂದವು, ಎಣಿಸಬಹುದಿತ್ತು. ಕೆರೆಯಲ್ಲಿ ಮೋಡ ಕಂಡಿತು. ಸೀರೆಯಂಚಿನ ನವಿಲಿಗೆ ಕಣ್ಣು ಮೂಡಿತು. ಜನ ಕೆಲಸ ಬಿಟ್ಟು ಬೀದಿಯಲ್ಲಿ ನಿಂತು ಇರುವೆಗಳನ್ನು ನೋಡಿದರು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡನ ಗಲ್ಲದ ಮೇಲೆ ಮಚ್ಚೆ ಇರುವುದು ಈಗ ಗೊತ್ತಾಯಿತು ಎಂದು ಒಬ್ಬರು ಚೀಟಿ ಹಾಕಿದ್ದರು, ಕೆಳಗೆ ಥ್ಯಾಂಕ್ಸ್ ಅಂತ ಬೇರೆ. ನಾನು ಬೀದಿಯಲ್ಲಿ ನಡೆದರೆ ಎಳನೀರು ಕೊಟ್ಟರು. ಉಬ್ಬಿಹೋದೆ. ಭಾನುವಾರವೂ ಒಂದು ಗುಂಡಿಯನ್ನೂ ಇಳಿಸುವುದಿಲ್ಲ, ಪರವೂರಿನವರು ನಮ್ಮೂರನ್ನು ಪೂರ್ತಿ ನೋಡಲಿ ಎಂದುಕೊಂಡೆ. ಇಮ್ತಿಯಾಜ್, "ಅಕ್ಕಾ, ಜನ ಜಾಸ್ತಿ ಬರ್ತಾರೆ, ಸ್ವಲ್ಪ ಕೈಲಿಟ್ಕೊಳ್ಳಿ" ಎಂದ. ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಪಂದ್ಯ. ನನ್ನ ಕೋಣೆಯ ಕಿಟಕಿಯಿಂದ ಇಡೀ ಮೈದಾನ ಕಾಣುತ್ತದೆ. ಎರಡು ಸಾವಿರ ಜನ ಬರಬಹುದು ಎಂದುಕೊಂಡಿದ್ದೆ. ನಮ್ಮೂರು ಚೆಂದವಾಗಿದೆ ಎಂಬ ಸುದ್ದಿ ಸುತ್ತಲೂ ಹಬ್ಬಿ, ಕಬಡ್ಡಿ ಗೊತ್ತಿಲ್ಲದವರೂ ಬಸ್ಸಿನ ಟಾಪಿನ ಮೇಲೆ ಕೂತು ಬಂದಿದ್ದರು. ಐದು ಸಾವಿರಕ್ಕೆ ಕಮ್ಮಿಯಿಲ್ಲ. ಮೊದಲರ್ಧ ಮುಗಿಯುವ ಹೊತ್ತಿಗೆ ಮುಳ್ಳು ನಲವತ್ತಕ್ಕೆ ಇಳಿದಿತ್ತು. ನಾನು ಗುಡ್ಡ ತೆಗೆದೆ. ಎಲೆ ತೆಗೆದೆ, ನೆರಳು ತೆಗೆದೆ, ಕೆರೆಯ ಮೋಡ ತೆಗೆದೆ. ನವಿಲಿನ ಕಣ್ಣು ತೆಗೆಯುವಾಗ ಕೈ ಸ್ವಲ್ಪ ತಡೆಯಿತು, ತೆಗೆದೆ. ಬೆವರನ್ನಂತೂ ಎಲ್ಲಕ್ಕಿಂತ ಮೊದಲು ಸೊನ್ನೆಗೆ ಇಳಿಸಿದ್ದೆ. ಆಟ ಮುಗಿಯಲು ಒಂದೇ ರೈಡು ಉಳಿದಿದೆ ಎನ್ನುವಾಗ ಇಪ್ಪತ್ತೇಳು ಇಪ್ಪತ್ತೇಳು, ಎರಡೂ ಕಡೆ ಸಮ. ಮುಳ್ಳು ಮೂವತ್ತೊಂದು. ಇಳಿಸಲು ಇನ್ನೇನೂ ಉಳಿದಿರಲಿಲ್ಲ. ದಾಕ್ಷಿ ರೈಡಿಗೆ ಸಿದ್ಧಳಾಗಿ ಎದ್ದಳು. ಅವಳು ಎದ್ದಳೆಂದು ಜನವೆಲ್ಲ ಎದ್ದಿತು, ಮುಳ್ಳು ಮೂವತ್ತಕ್ಕೆ ಬಂತು.

ಆ ನಲವತ್ತೊಂದರಲ್ಲಿ ಒಂದು ಗುಂಡಿಯ ವಿಷಯ ನಾನಿನ್ನೂ ಹೇಳಿಲ್ಲ. ಕೊನೆಯ ಸಾಲಿನಲ್ಲಿ, ಪುಟ್ಟ ತಗಡಿನ ಮುಚ್ಚಳದ ಕೆಳಗಿದೆ. ಅದರ ಹೆಸರು 'ಮುಖ'. ಸೋಮವಾರ ಎಲ್ಲವನ್ನೂ ಇಳಿಸಿದಾಗಲೂ ಅದನ್ನು ಮುಟ್ಟಿರಲಿಲ್ಲ. ಯಾರ ಮುಖವನ್ನೂ ಅವರ ಒಪ್ಪಿಗೆಯಿಲ್ಲದೆ ಇಳಿಸಬಾರದು ಎಂಬುದು ಈ ಕೋಣೆಯಲ್ಲಿ ಕೂತವರೆಲ್ಲ ಪಾಲಿಸಿಕೊಂಡು ಬಂದ ಮಾತು. ಇಮ್ತಿಯಾಜ್ ಬಾಗಿಲ ಹತ್ತಿರ ನಿಂತಿದ್ದ. "ಎಲ್ರಿಗೂ ಕಣ್ಣು ಮುಚ್ಚಕ್ಕೆ ಹೇಳಿದ್ರೆ?" ಎಂದ. "ಮ್ಯಾಚ್ ನೋಡಕ್ಕೆ ಬಂದಿದ್ದಾರೆ ಕಣೋ" ಎಂದೆ. ಮೈಕು ಕೈಗೆ ತೆಗೆದುಕೊಂಡೆ. 

"ನಾನು ಗುಂಡಿ ಪ್ರಮೀಳ ಮಾತಾಡ್ತಿರೋದು. ಊರು ತೊದಲೋದ್ರಲ್ಲಿದೆ. ನನ್ನ ಹತ್ರ ಇಳಿಸಕ್ಕೆ ಏನೂ ಉಳಿದಿಲ್ಲ. ಒಂದೇ ಒಂದು ರೈಡಿಗೆ, ಅರ್ಧ ನಿಮಿಷ, ನಿಮ್ಮ ಮುಖ ಕೊಡ್ತೀರಾ?"

ಮುಖ ಕೊಡುವುದು ಸಣ್ಣ ಮಾತಲ್ಲ. ಹೆಂಡತಿ ಪಕ್ಕದಲ್ಲಿ, ಮಗು ಹೆಗಲ ಮೇಲೆ, ಯಾರು ಯಾರೆಂದು ತಿಳಿಯದ ಅರ್ಧ ನಿಮಿಷ. ಮೊದಲು ಎದ್ದಿದ್ದು ಪುಟ್ಟನರಸಯ್ಯನ ಕೈ. ಆಮೇಲೆ ಕುಂಬಾರ ಬೀದಿಯವರು, ಕೋಟೆ ಬೀದಿಯವರು. ಪೋಸ್ಟಾಫೀಸ್ ಬೀದಿಯವರು ಅತ್ತಿತ್ತ ನೋಡಿ ಎತ್ತಿದರು. ಊರಿನ ಕೈಗಳೆಲ್ಲ ಮೇಲಿದ್ದವು, ಆದರೆ ಪರವೂರಿನವರು ಕೂತಿದ್ದ ಅರ್ಧ ಮೈದಾನ ಹಾಗೇ ಇತ್ತು. ಆಗ ಎದುರು ತಂಡದ ನಾಯಕಿ ಶೈಲಜ ತನ್ನವರ ಕಡೆ ತಿರುಗಿ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು, "ಕೊಡ್ರೋ. ಹೋದ್ಸಲ ಗೆದ್ದಿದ್ದು ನಂಗೂ ಗೆದ್ದಂಗಾಗಿರ್ಲಿಲ್ಲ." ಅವರೂ ಕೈ ಎತ್ತಿದರು.

ನಾನು ಮುಚ್ಚಳ ತೆಗೆದು ಗುಂಡಿಯನ್ನು ಎಡಕ್ಕೆ ತಿರುಗಿಸಿದೆ. ಐದು ಸಾವಿರ ಮುಖಗಳು ಬಟ್ಟೆ ಗೊಂಬೆಯ ಮುಖಗಳಾದವು, ಎರಡು ಚುಕ್ಕೆ, ಒಂದು ಗೆರೆ. ಆಟಗಾರ್ತಿಯರದೂ, ರೆಫರಿಯದೂ, ಇಮ್ತಿಯಾಜನದೂ. ಕಿಟಕಿಯ ಗಾಜಿನಲ್ಲಿ ನನ್ನದೂ. ಮುಳ್ಳು ಎದ್ದು ನಲವತ್ನಾಲ್ಕಕ್ಕೆ ಬಂತು. ರೆಫರಿ ಪೀಪಿ ಊದಿದರು.

ದಾಕ್ಷಿಯ ಕಾಲು ನನಗೆ ಗೊತ್ತು, ಮುಖ ಬೇಕಾಗಿರಲಿಲ್ಲ. "ಕಬಡ್ಡಿ ಕಬಡ್ಡಿ" ಎನ್ನುತ್ತ ಎಡಕ್ಕೆ ಜಾರಿದಳು, ಬಲಕ್ಕೆ ಹೆಜ್ಜೆ ಹಾಕಿ ಮೋಸ ಮಾಡಿದಳು, ಮೂಲೆಯವಳ ಮೊಣಕಾಲು ಮುಟ್ಟಿ ತಿರುಗಿದಳು. ನುಣ್ಣಗೆ, ನೀರು ಹರಿದ ಹಾಗೆ. ಹಿಂದಿನಿಂದ ಶೈಲಜ ಹಾರಿ ಕಾಲು ಹಿಡಿದಳು. ದಾಕ್ಷಿ ಬಿದ್ದಳು. ಗೆರೆಯ ಕಡೆ ಕೈ ಚಾಚಿದಳು. ಎಲ್ಲರೂ ಒಟ್ಟಿಗೆ ಕೂಗಿದರು, ಹತ್ತು ಸಾವಿರ ಕೈ ಒಟ್ಟಿಗೆ ಗಾಳಿಯಲ್ಲಿ ಹಾರಿದವು, ಮುಳ್ಳು ದಡಕ್ಕನೆ ಬಿತ್ತು, ಊರು ತೊದಲಿತು.

ನೋಟ ನಿಂತಿತು. ಚಾಚಿದ ಕೈ, ಬಿಳಿ ಗೆರೆ, ನಡುವೆ ಒಂದು ಗೇಣು. ಹುಟ್ಟಿದಾಗಿನಿಂದ ಬಂದ ಅಭ್ಯಾಸಕ್ಕೆ ನಮ್ಮೂರಿನ ಜನವೆಲ್ಲ ಇದ್ದಲ್ಲೇ ಮರಗಟ್ಟಿತು, ಕೂಗು ಬಾಯಲ್ಲೇ ನಿಂತಿತು, ಕಣ್ಣು ಕಟ್ಟಿದಂತಾಗಿ ಪರವೂರಿನವರೂ ದನಿ ನಿಲ್ಲಿಸಿದರು. ನಾನೂ ಗುಂಡಿಯ ಮೇಲೆ ಕೈಯಿಟ್ಟವಳು ಹಾಗೇ ನಿಂತೆ. ಆ ಮೌನದಲ್ಲಿ ಒಂದೇ ಒಂದು ದನಿ ನಡೆಯುತ್ತಿತ್ತು. "ಕಬಡ್ಡಿ... ಕಬಡ್ಡಿ... ಕಬಡ್ಡಿ..." ಏದುಸಿರು ಬಿಡುತ್ತ, ಒಂದೊಂದು ಸಲಕ್ಕೂ ಒಂದಿಷ್ಟು ಮುಂದಕ್ಕೆ ಎಳೆದುಕೊಳ್ಳುತ್ತ. ನಿಲ್ಲಲಿಲ್ಲ. ಅವಳು ನಿಲ್ಲಲಿಲ್ಲ.

ನೋಟ ಹಾರಿ ಬಂತು. ದಾಕ್ಷಿಯ ಅಂಗೈ ಗೆರೆಯಾಚೆ ಇತ್ತು.

ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳುವುದು ಕಷ್ಟ. ಜನ ಕಣದೊಳಗೆ ನುಗ್ಗಿದರು. ಯಾರನ್ನು ಯಾರು ತಬ್ಬಿಕೊಳ್ಳುತ್ತಿದ್ದಾರೆಂದು ಯಾರಿಗೂ ತಿಳಿಯದೆ ಸಿಕ್ಕಿದವರನ್ನು ಸಿಕ್ಕಿದವರು ತಬ್ಬಿಕೊಂಡರು. ನಮ್ಮೂರಿನವರು ಪರವೂರಿನವರನ್ನು ಹೆಗಲ ಮೇಲೆ ಎತ್ತಿ ಕುಣಿದರು. ಇಮ್ತಿಯಾಜ್ ಕೆಳಗೆ ಓಡಿದ. ನಾನು ಸ್ಟೂಲಿನ ಮೇಲೆ ಕೂತು ಅಳುತ್ತಿದ್ದೆ. ಮುಖವೇ ಇಲ್ಲದಿದ್ದರೂ ಕುಪ್ಪಸ ಒದ್ದೆಯಾಗುತ್ತಿತ್ತು. ಮೈದಾನದಿಂದ "ಮುಖ ಕೊಡ್ರಮ್ಮ" ಎಂದು ಕೂಗು ಕೇಳಿಸಿತು. ಎದ್ದು ಗುಂಡಿಗೆ ಕೈ ಹಾಕಿದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಗಿ, ಮೈಯೆಲ್ಲ ಮಣ್ಣಾದ ಒಂದು ಗೊಂಬೆಮುಖ ಬಾಗಿಲಿಗೆ ಬಂತು.

"ಪ್ರಮೀ, ಗುಂಡಿ ಮುಟ್ಬೇಡ" ಎಂದಿತು.

ನಾಲ್ಕು ವರ್ಷದ ಮೇಲೆ ಅವಳ ಬಾಯಲ್ಲಿ ನನ್ನ ಹೆಸರು. ಯಂತ್ರಕ್ಕೆ ಹೇಳಿದ್ದಲ್ಲ, ಪಕ್ಕದವರಿಗೆ ಹೇಳಿದ್ದಲ್ಲ.

"ಮುಖ ಬಂದ್ಮೇಲೆ ನನ್ನ ಕೈಲಿ ಹೇಳಕ್ಕಾಗಲ್ಲ, ಈಗ್ಲೇ ಕೇಳಿಸ್ಕೋ" ಎಂದಳು. ಅವಳಿನ್ನೂ ಏದುಸಿರು ಬಿಡುತ್ತಿದ್ದಳು. "ಆವತ್ತು ಊರು ತೊದಲ್ತು, ನಿಜ. ಆದ್ರೆ ಗೆರೆ ಎಲ್ಲಿದೆ ಅಂತ ನಂಗೆ ಗೊತ್ತಿತ್ತು. ಕಾಣ್ದಿದ್ರೂ ಗೊತ್ತಿತ್ತು. ಎಳ್ಕೊಂಡಿದ್ರೆ ಸಿಕ್ಕೇ ಸಿಕ್ತಿತ್ತು. ಅಭ್ಯಾಸ ನೋಡು, ನಿಂತ್ಬಿಟ್ಟೆ. ಕಬಡ್ಡಿ ಅನ್ನೋದನ್ನೂ ನಾನೇ ನಿಲ್ಸಿದೆ. ಆಮೇಲೆ ಊರೆಲ್ಲ ಪ್ರಮೀಳನ ತಪ್ಪು ಅಂತು. ನಾನು ಹೂಂ ಅಂದೆ. ಹೂಂ ಅಂದ್ಮೇಲೆ ನಿನ್ನ ಮುಖ ನೋಡಿ ಮಾತಾಡಕ್ಕೆ ಧೈರ್ಯ ಬರ್ಲಿಲ್ಲ ಕಣೇ."

"ನಂದೂ ಒಂದಿದೆ" ಎಂದೆ. "ಆವತ್ತು ನೀನು ರೈಡಿಗೆ ಹೋದಾಗ ಬೆವರಿನ ಗುಂಡಿ ಪೂರ್ತಿ ಏರಿಸಿದ್ದೆ. ನೀನು ಗೆಲ್ಲೋವಾಗ ಹೊಳೀಬೇಕು ಅಂತ."

"ಗೊತ್ತು."

"ಹೆಂಗ್ ಗೊತ್ತು?"

"ಮಾರನೇ ದಿನ ಪೇಪರಲ್ಲಿ ಫೋಟೋ ಬಂದಿತ್ತಲ್ಲ. ಎಣ್ಣೆ ಸವರಿದ ಬದನೆಕಾಯಿ ಥರ ಹೊಳೀತಿದ್ದೆ. ಈ ಊರಲ್ಲಿ ನಂಗೋಸ್ಕರ ಅಂಥ ಕೆಲ್ಸ ಇನ್ಯಾರು ಮಾಡ್ತಾರೆ?"

ಕೆಳಗೆ ಕೂಗು ಜೋರಾಯಿತು. ಯಾರೋ ತಪ್ಪು ಮಗುವನ್ನು ಎತ್ತಿಕೊಂಡು ಮನೆಗೆ ಹೊರಟಿದ್ದರಂತೆ. ದಾಕ್ಷಿ ಮಣ್ಣಿನ ಕೈಯನ್ನು ನನ್ನ ಕೈಯ ಮೇಲಿಟ್ಟಳು, ಇಬ್ಬರೂ ಸೇರಿ ಗುಂಡಿಯನ್ನು ಬಲಕ್ಕೆ ತಿರುಗಿಸಿದೆವು. ಅವಳ ಬಾಯಿ ಮೊದಲು ಮೂಡಿತು, ಆಮೇಲೆ ಮೂಗು, ಕೊನೆಗೆ ಕಣ್ಣು. ಅತ್ತು ಕೆಂಪಾಗಿದ್ದವು. ಹುಬ್ಬಿನ ಪಕ್ಕ ನಾನು ನೋಡದ ಒಂದು ಗಾಯದ ಕಲೆ, ಕಿವಿಯ ಮೇಲೆ ನಾಲ್ಕಾರು ಬಿಳಿಕೂದಲು. ಅವಳೂ ನನ್ನನ್ನು ಹಾಗೆಯೇ ನೋಡುತ್ತಿದ್ದಳು.

"ಮುದುಕಿ ಆಗಿದ್ದೀಯಲ್ಲೇ" ಎಂದಳು.

"ನೀನು ನೋಡಿ ನಾಲ್ಕು ವರ್ಷ ಆಯ್ತಲ್ಲ, ಅದಕ್ಕೆ ಹಂಗನ್ಸುತ್ತೆ."

"ಹಂಗಾದ್ರೆ ಆ ಸ್ಟೂಲ್ ಇಲ್ಲಿ ಎಳ್ಕೊಂಡು ಕೂತ್ಕೋ" ಎಂದಳು ದಾಕ್ಷಿ. "ಇನ್ನೂ ಸ್ವಲ್ಪ ಹೊತ್ತು ನೋಡ್ಬೇಕು."